ಅಂಗೈಯಗಲದ ರೊಟ್ಟಿ

ಸುಣ್ಣದ ನೀರಿನಲ್ಲಿ ನೆನೆದ ಮೆಕ್ಕೆಜೋಳವನ್ನು ಬೊಗಸೆಯಲ್ಲೆತ್ತಿ ಮೂಸಿ ಭಾಗಮ್ಮ ಮುಖ ಕಿವುಚಿದಳು.

"ಇದೇನು ಗ್ವಾಡಿಗಿ ಬಳೀಲಾಕೊ, ತಿನ್ನಲಾಕೊ?"

"ಸಾಹೇಬ ಹಂಗೇ ಹೇಳ್ಯಾನ. ಸುಣ್ಣದಾಗ ಕುದಿಸಿ, ಸಿಪ್ಪಿ ತಿಕ್ಕಿ ತಗದು, ಹಸೀದೇ ರುಬ್ಬಬೇಕಂತ. ಹಂಗಾದ್ರ ಮಡಚಿದ್ರೂ ರೊಟ್ಟಿ ಮುರಿಯಾಂಗಿಲ್ಲಂತ."

"ಹಂಗಿದ್ರ ಎರಡು ಎಲಿ, ಒಂದೀಟು ಅಡಿಕಿನೂ ಹಾಕಿ ರುಬ್ಬತೀನಿ. ಉಂಡಮ್ಯಾಗ ಬ್ಯಾರೆ ಹಾಕ್ಕೊಳ್ಳೂದು ತಪ್ಪತದ ನಿನ್ನ ಸಾಹೇಬಗ."

ಅವಳ ಗಂಡ ಮರೆಪ್ಪ ನಗಲಿಲ್ಲ. ನಗುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಕಮಲಾಪುರದ ಮುಸಾಫಿರ ಬಂಗಲೆಯಲ್ಲಿ ಸೂರಿನಿಂದ ತೂಗುವ ಬಟ್ಟೆಯ ಪಂಖಾ ಎಳೆಯುವುದು ಅವನ ಕೆಲಸ. ಒಳಗೆ ದೊಡ್ಡವರು ಉಣ್ಣುವಾಗ, ಬರೆಯುವಾಗ, ಮಧ್ಯಾಹ್ನ ಮಲಗಿ ಗೊರಕೆ ಹೊಡೆಯುವಾಗ ಇವನು ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಹಗ್ಗ ಎಳೆಯುತ್ತಲೇ ಇರಬೇಕು. ಕೈ ಸೋತರೆ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಳ್ಳುತ್ತಿದ್ದ. ತೂಕಡಿಸಿದರೆ ಒಳಗಿನಿಂದ ಬೂಟು ಹಾರಿ ಬರುತ್ತಿತ್ತು. ಅಷ್ಟು ದೊಡ್ಡ ಪಂಖಾ, ಅದರ ಗಾಳಿಯ ಒಂದು ಎಳೆಯೂ ಎಳೆಯುವವನ ಮೈಗೆ ತಾಗುವುದಿಲ್ಲ. ಕಟ್ಟಿದವನು ಅದನ್ನು ಯೋಚಿಸಿಯೇ ಕಟ್ಟಿರಬೇಕು.

ಈಗ ಬಂದಿದ್ದ ಸಾಹೇಬ ಹುಮನಾಬಾದಿನ ಕಡೆಯ ರಸ್ತೆ ಅಳೆಯಲು ಬಂದ ಇಂಜಿನಿಯರ್. ಅದಕ್ಕೂ ಮೊದಲು ಸಮುದ್ರದಾಚೆ ಮೆಕ್ಸಿಕೊ ಎಂಬ ದೇಶದಲ್ಲಿ ರೈಲು ಹಳಿ ಹಾಕಿಸಿದ್ದನಂತೆ. ಅಲ್ಲಿ ಬೀದಿ ಬದಿಯ ಒಲೆಗಳ ಮುಂದೆ ನಿಂತು, ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿಯಲ್ಲಿ ಖಾರದ ಹಂದಿಮಾಂಸ ಮಡಚಿಕೊಂಡು ತಿಂದಿದ್ದನಂತೆ. ಬಂಗಲೆಯ ತೋಟದಲ್ಲಿ ಮೆಕ್ಕೆಜೋಳದ ತೆನೆ ಕಂಡದ್ದೇ ಅವನ ನಾಲಿಗೆಗೆ ಆ ರುಚಿ ಮರುಕಳಿಸಿತು. ಬಂಗಲೆಯಲ್ಲಿ ಅಡುಗೆ ಮಾಡುವ ಖಾನಸಾಮಾ ಮಹಮ್ಮದನನ್ನು ಕರೆದು ಹೇಳಿದ. ಮಹಮ್ಮದ ಎರಡೂ ಕಿವಿ ಮುಟ್ಟಿಕೊಂಡು, ತನ್ನಿಂದ ಆಗದ ಮಾತು ಎಂದು ಹೊರಗೆ ಬಂದವನು ಮರೆಪ್ಪನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ತೌಬಾ ತೌಬಾ, ನನ್ನ ಕೈಲೆ ಆಗಾಂಗಿಲ್ಲಪಾ. ಖರೇ ನಿಮ್ಮ ಕೇರ್ಯಾಗ ಮಾಡ್ತೀರಲ್ಲ. ನಿನ್ನ ನಸೀಬು ತೆರೀತು ನೋಡು. ಬರೋಬ್ಬರಿ ಮಾಡಿದ್ರ ಕಲಬುರ್ಗಿಗಿ ಕರಕೊಂಡು ಹೋಗ್ತಾನಂತ. ಸ್ಟೇಶನ್ ಬಜಾರದ ಬಾಜೂಕ ಅವನ ಬಂಗ್ಲಾ. ಹಿತ್ತಲದಾಗ ಬ್ಯಾರೆ ಒಲಿ, ಇರಲಾಕ ಖೋಲಿ. ಈ ಹಗ್ಗ ತಪ್ಪತದಲ್ಲೊ ಮಾರಾಯ!"

ಈ ಹಗ್ಗ ತಪ್ಪತದ. ಆ ಮಾತು ಮರೆಪ್ಪನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು.

ಅವರ ಕೇರಿಯಲ್ಲಿ ಹಂದಿ ಬೇಯಿಸುವುದು ಗಂಡಸರ ಕೆಲಸ, ಅದೂ ಅಂಗಳದ ಒಲೆಯಲ್ಲಿ. ಒಳಗೆ ರೊಟ್ಟಿ ಬಡಿಯುವುದು ಹೆಂಗಸರದು. ಒಬ್ಬರ ಒಲೆಗೆ ಇನ್ನೊಬ್ಬರು ಕೈಯಿಡುವುದಿಲ್ಲ. ಬೆಳಗಿನ ಜಾವ ಕೇರಿಯ ಮಾಪಣ್ಣ ಕೊಯ್ದು ಕೊಟ್ಟ ಮಾಂಸವನ್ನು ಮರೆಪ್ಪ ಸಣ್ಣಗೆ ಹೆಚ್ಚಿದ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದು ಹಚ್ಚಿಟ್ಟು, ಆಮೇಲೆ ಅದರದೇ ಕೊಬ್ಬಿನಲ್ಲಿ ಅಂಚು ಕರ್ರಗಾಗುವವರೆಗೆ ಹುರಿದ. ಸಾಹೇಬ ಯಾವುದೋ ಮುಳ್ಳುಹಣ್ಣಿನ ಹೆಸರು ಹೇಳಿದ್ದ, ಹುಳಿಯೂ ಹೌದಂತೆ, ಸಿಹಿಯೂ ಹೌದಂತೆ. ಅದು ಈ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಊರ ಕೆಂಪು ಬಾಳೆಹಣ್ಣನ್ನೇ ಬಿಲ್ಲೆ ಬಿಲ್ಲೆ ಕೊಯ್ದು ಜಿಡ್ಡಿನಲ್ಲಿ ಬಾಡಿಸಿ, ನಿಂಬೆ ಹಿಂಡಿದ. ವಾಸನೆಗೆ ಕೇರಿಯ ನಾಯಿಗಳೆಲ್ಲ ಅಂಗಳದ ಗಡಿಯಲ್ಲಿ ಸಾಲಾಗಿ ಕೂತವು.

ಒಳಗೆ ಬಂದು ನೋಡಿದರೆ ಭಾಗಮ್ಮ ಪರಾತದ ತುಂಬ ಅಗಲದ ರೊಟ್ಟಿ ಬಡಿಯುತ್ತಿದ್ದಳು.

"ಅಷ್ಟು ದೊಡ್ಡದಲ್ಲೇ. ಅಂಗೈಯಗಲ, ಇಷ್ಟೇ," ಎಂದು ತನ್ನ ಕೈ ಚಾಚಿ ತೋರಿಸಿದ.

ಬಡಿಯುವ ಸಪ್ಪಳ ನಿಂತಿತು. ಆಗ ಅವನಿಗೆ ತಾನು ಏನು ಕೇಳಿದೆನೆಂದು ತಿಳಿಯಿತು.

ಮನೆಯಲ್ಲಿ ಕೂಸಿದ್ದರೆ, ಎಲ್ಲರ ರೊಟ್ಟಿಯಾದ ಮೇಲೆ ಪರಾತದಲ್ಲಿ ಉಳಿದ ಚೂರು ಹಿಟ್ಟಿಗೆ ತಾಯಿ ಅಂಗೈಯಗಲದ ಒಂದು ರೊಟ್ಟಿ ಬಡಿಯುತ್ತಾಳೆ. ಅದು ಕೂಸಿನದು, ಬೇರೆ ಯಾರೂ ಮುಟ್ಟುವುದಿಲ್ಲ. ಅವರ ಕೂಸು ಕಸ್ತೂರಿ, ಊರಿಗೆಲ್ಲ ಜ್ವರ ಬಂದ ವರ್ಷ ಹೋದಳು. ಅಂದಿನಿಂದ ಭಾಗಮ್ಮ ಉಳಿದ ಹಿಟ್ಟನ್ನು ಕೊನೆಯ ರೊಟ್ಟಿಗೇ ಸೇರಿಸಿ ದಪ್ಪಗೆ ಬಡಿದುಬಿಡುತ್ತಿದ್ದಳು. ಆ ದಪ್ಪ ರೊಟ್ಟಿಯನ್ನು ಮರೆಪ್ಪ ಮಾತಿಲ್ಲದೆ ತಿನ್ನುತ್ತಿದ್ದ.

ಅವಳು ಅವನ ಕಡೆ ನೋಡಲಿಲ್ಲ. ಅಗಲದ ರೊಟ್ಟಿಯನ್ನು ಮುದ್ದೆ ಮಾಡಿ, ಚೂರು ಮುರಿದು, ಬಡಿದಳು. ಒಂದಾದ ಮೇಲೆ ಒಂದು, ಸಾಹೇಬನಿಗೆ ಸಾಕಾಗುವಷ್ಟು. ಒಂದೂ ಅಂಚು ಒಡೆಯಲಿಲ್ಲ.

ಬಂಗಲೆಯಲ್ಲಿ ಸಾಹೇಬ ಕುರ್ಚಿ ಬಿಟ್ಟು ಎದ್ದು ನಿಂತೇ ತಿಂದ. ರಸ ಮೊಳಕೈಯವರೆಗೆ ಇಳಿಯಿತು. ಕಣ್ಣಿನಲ್ಲಿ ನೀರು. ಖಾರಕ್ಕೋ ಮತ್ತೆ ಯಾತಕ್ಕೋ, ಕೇಳುವವರು ಯಾರು? ಪಾತ್ರೆಯ ತಳ ಕಂಡ ಮೇಲೆ ಇಂಗ್ಲಿಷಿನಲ್ಲಿ ಏನೋ ಅಂದ. ಬಾಗಿಲಲ್ಲಿ ದೂರ ನಿಂತಿದ್ದ ಮಹಮ್ಮದ ಅದನ್ನು ದಾಟಿಸಿದ.

"ಖುಶ್ ಆಗ್ಯಾನ. ಆದ್ರ ರೊಟ್ಟಿ ಆರಿದ್ವಂತ. ಒಂದೊಂದೇ ಹಂಚಿನ ಮ್ಯಾಗಿಂದ ಬಿಸಿದು ಕೈಗಿ ಬರಬೇಕಂತ, ಅಲ್ಲಿ ಬೀದ್ಯಾಗ ಹಂಗೇ ಕೊಡ್ತಾರಂತ. ನಾಳಿ ಸಂಜಿಗಿ ಗಾಡಿ ಹೊಂಡತದ. ರೊಟ್ಟಿ ಬಡ್ಯಾಕಿನ್ನೂ ಕರಕೊಂಡು ಬಾ ಅಂದಾನ. ಇಲ್ಲಾಂದ್ರ ಬ್ಯಾಡಂತ."

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಭಾಗಮ್ಮ ಹೊಸ್ತಿಲ ಬಳಿ ಅಂಗಳಕ್ಕೆ ಮುಖ ಮಾಡಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮರೆಪ್ಪ ಅವಳನ್ನು ದಾಟಿ ಒಳಗೆ ಹೋಗಿ, ಒಲೆ, ಖೋಲಿ, ಸ್ಟೇಶನ್ ಬಜಾರ ಎಲ್ಲ ಹೇಳಿ, ಕೊನೆಗೆ ರೊಟ್ಟಿಯ ಮಾತು ಹೇಳಿದ.

"ದಿನಾ?" ಅಂದಳು.

"ದಿನಾ ಅಂದ್ರ... ಅಂವ ಕೇಳಿದಾಗ."

"ನೀ ಹೋಗು. ಬ್ಯಾಡ ಅನ್ನಾಂಗಿಲ್ಲ. ನಂಗ ಆ ಅಳತೀದು ದಿನಾ ಬಡೀಲಾಕ ಆಗಾಂಗಿಲ್ಲ."

"ನೀ ಇಲ್ಲಾಂದ್ರ ನಾನೂ ಬ್ಯಾಡಂತಲ್ಲೇ! ಹೋದ ಕೂಸಿನ ಸಲುವಾಗಿ ನಾ ಸಾಯೂತನ ಆ ಹಗ್ಗ ಎಳೀಬೇಕೇನು?"

ಮಾತು ಹೊರಬಿದ್ದಿತ್ತು. ಭಾಗಮ್ಮ ಅಳಲಿಲ್ಲ, ತಿರುಗಲಿಲ್ಲ. ಮೊರದೊಳಗಿನ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆಸೆದಳು.

"ನನ್ನ ಕೈ ಬಿಟ್ಟು ಬ್ಯಾರೆ ಏನರೆ ಕೇಳು," ಅಂದಳು.

ಮರೆಪ್ಪ ಗೋಡೆಗೊರಗಿ ಕುಸಿದು ಕೂತ. ಯಾರನ್ನಾದರೂ ಹೊಡೆಯಬೇಕೆನಿಸಿತು. ಯಾರನ್ನು? ನಿಂತು ತಿಂದು, ಬೆರಳು ಚೀಪಿ, ಇನ್ನೊಬ್ಬರ ಮನೆಯ ರೊಟ್ಟಿಯನ್ನು ಬಿಸಿಬಿಸಿ ಕೇಳುವವನನ್ನೋ? ಅವನ ಮೈಗೆ ಕೈ ಹಚ್ಚುವ ದಿನ ಬರುವುದಿಲ್ಲ. ಒಲೆಯ ಬಳಿ, ಒದ್ದೆ ಬಟ್ಟೆಯ ಕೆಳಗೆ, ಉಳಿದ ಹಿಟ್ಟು ಹಾಗೇ ಇತ್ತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತವನು ಎದ್ದು, ಕೈ ತೊಳೆದು, ಒಲೆಗೆ ಎರಡು ಕಟ್ಟಿಗೆ ಇಟ್ಟು, ಪರಾತದ ಮುಂದೆ ಚಕ್ಕಳಬಕ್ಕಳ ಹಾಕಿ ಕೂತ.

ಮೋಟುಗೋಡೆಯಾಚೆಯಿಂದ ನೆರೆಮನೆಯ ಪುತಳಾಬಾಯಿ ಇಣುಕಿದಳು. "ಯವ್ವಾ, ಭಾಗೀ! ನಿನ ಗಂಡ ರೊಟ್ಟಿ ಬಡೀಲಾಕತ್ತಾನಲ್ಲೇ! ನಾಳಿ ಸೀರಿನೂ ಉಡತಾನೇನು?"

"ಉಡತೀನಿ, ನಿಂದು ಬಿಚ್ಚಿ ಕೊಡು," ಎಂದ ಮರೆಪ್ಪ ತಲೆಯೆತ್ತದೆ. ಪುತಳಾಬಾಯಿ ಬೈಯುತ್ತ ಮರೆಯಾದಳು.

ಹಗ್ಗ ಎಳೆದೆಳೆದು ಕಾಯಿಗಟ್ಟಿದ ಅಂಗೈ. ಹಿಟ್ಟು ಅದಕ್ಕೆ ಒಗ್ಗಲಿಲ್ಲ. ಮೊದಲನೆಯದು ಕೈಗೆ ಅಂಟಿ ಹರಿಯಿತು. ಎರಡನೆಯದರ ಅಂಚು ಬಿರುಕುಬಿಟ್ಟು, ಹಂಚಿನ ಮೇಲೆ ಎರಡು ಹೋಳಾಯಿತು. ಅವನು ಹೋಳುಗಳನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ಚೂರು ಮುರಿದ.

"ನಾನೇ ಬಡೀತೀನಿ," ಎಂದ, ಹಿಟ್ಟಿಗೆ ಹೇಳುವವನ ಹಾಗೆ. "ಕಲಬುರ್ಗ್ಯಾಗ ನೀ ಒಲಿ ಕಡೀಗಿ ಬರಬ್ಯಾಡ."

ಭಾಗಮ್ಮನ ಜೋಳ ಮೊರದಲ್ಲಿ ಸರಸರ ಅನ್ನುತ್ತಲೇ ಇತ್ತು. ಇತ್ತ ಅವನ ಕೈ ಪರಾತದ ಮೇಲೆ ದಪ್ಪ್, ದಪ್ಪ್ ಎಂದು ಅಡ್ಡಾದಿಡ್ಡಿ ಬೀಳುತ್ತಿತ್ತು.

"ದೊಡ್ಡದಾತು," ಅಂದಳು ಅವಳು, ತಿರುಗಿ ನೋಡದೆ. ಸಪ್ಪಳದಲ್ಲೇ ಅವಳಿಗೆ ಅಳತೆ ತಿಳಿಯುತ್ತಿತ್ತು.

ಅವನು ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ, ಚೂರು ಕಿತ್ತು ಬದಿಗಿಟ್ಟು, ಬಡಿದ.

"ಅಂಚಿಗಿ ನೀರು ಹಚ್ಚು."

ನೀರು ಹಚ್ಚಿದ. ಕೈ ಹಗುರ ಮಾಡಿದ. ಪಟ್, ಪಟ್, ಪಟ್, ಅಂಗೈಯಗಲದ ರೊಟ್ಟಿಯ ಸಪ್ಪಳ. ಹೊಸ್ತಿಲಲ್ಲಿ ಮೊರದ ಸಪ್ಪಳ ನಿಂತಿತ್ತು. ಅವಳ ಕೈ ಜೋಳದೊಳಗೆ ಹಾಗೇ ಉಳಿದಿತ್ತು.