ರಾಘಣ್ಣನ ನೀಲಿ ಟಿವಿಗಳು

ಬಳ್ಳಾರಿಯ ಪಾರ್ವತಿನಗರದಲ್ಲಿ ರಾಘಣ್ಣನ ಮನೆ ಯಾವುದೆಂದು ಕೇಳಿದರೆ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. "ಸತ್ತ ಟಿವಿಗೆ ಜೀವಾ ತುಂಬ್ತಾರಲ್ಲ, ಅವರ ಮನಿ ಹೌದಿಲ್ಲೋ?" ಎಂದು ಕೈತೋರಿಸುತ್ತಿದ್ದರು. ರೇಡಿಯೊ ರಿಪೇರಿಯಿಂದ ಹೊಟ್ಟೆ ಹೊರೆಯಲು ಶುರುಮಾಡಿದ ರಾಘಣ್ಣ, ನಡುವೆ ಮದ್ರಾಸಿಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿದ್ದು ಪಿಕ್ಚರ್ ಟ್ಯೂಬಿನ ಕೆಲಸ ಕಲಿತು ಬಂದಿದ್ದ. ಅದು ಎಂಬತ್ತೇಳನೇ ಇಸವಿ. ಬಳ್ಳಾರಿ ಸೀಮೆಯಲ್ಲಿ ಟಿವಿ ಇನ್ನೂ ಹೊಸತು. ಆದರೆ ಎಷ್ಟೋ ಮನೆಗಳಲ್ಲಿದ್ದ ಕಲರ್ ಸೆಟ್ಟುಗಳು ಮಾತ್ರ ಹಳೆಯವು. ಕುವೈತಿನಲ್ಲೋ ದುಬೈಯಲ್ಲೋ ವರ್ಷಗಟ್ಟಲೆ ಉರಿದು ದಣಿದು, ಯಾರದೋ ಅಣ್ಣತಮ್ಮಂದಿರ ಕೂಡ ಊರು ಸೇರಿದಂಥವು.

ಅಂಥ ಸೆಟ್ಟುಗಳ ಟ್ಯೂಬು ಮುದಿಯಾಗಿರುತ್ತಿತ್ತು. ಟ್ಯೂಬಿನ ಸಣ್ಣ ಕುತ್ತಿಗೆಯೊಳಗೆ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬತ್ತಿಯಿದ್ದಂತೆ. ಕಾಲ ಕಳೆದ ಹಾಗೆ ಅವುಗಳ ಮೇಲೆ ಕಿಟ್ಟ ಕಟ್ಟಿ ಚಿತ್ರ ಮಬ್ಬಾಗುತ್ತದೆ. ಹೊಸ ಟ್ಯೂಬು ತರಿಸೋಣವೆಂದರೆ ಎಲ್ಲೂ ಸಿಗದು. ರಾಘಣ್ಣ ತಾನೇ ಕಟ್ಟಿಕೊಂಡ ಒಂದು ಮರದ ಪೆಟ್ಟಿಗೆಯಿಂದ ಆ ಬತ್ತಿಗಳಿಗೆ ತುಸು ಹೆಚ್ಚು ಕರೆಂಟು ಕೊಟ್ಟು, ಕಾಯಿಸಿ, ಕಿಟ್ಟ ಸುಟ್ಟು ಬಿಡಿಸುತ್ತಿದ್ದ. ಕಡಿಮೆ ಕಾಯಿಸಿದರೆ ಉಪಯೋಗವಿಲ್ಲ. ಹೆಚ್ಚು ಕಾಯಿಸಿದರೆ ಬತ್ತಿಯೇ ಹೋಗಿ ಟಿವಿ ತಿಪ್ಪೆಗೆ. ಆ ಹದ ರಾಘಣ್ಣನ ಕೈಗೆ ಹತ್ತಿತ್ತು.

ಹೀಗಿರುವಾಗ ಒಂದು ದಿನ ಕುರುಗೋಡಿನ ಬಟ್ಟೆ ವ್ಯಾಪಾರಿ ಕೊಟ್ರಬಸಪ್ಪ ಮನೆಗೆ ಬಂದ. ಅವನ ಟಿವಿಯನ್ನು ರಾಘಣ್ಣ ಹಿಂದಿನ ತಿಂಗಳಷ್ಟೇ ಸರಿಮಾಡಿ ಕೊಟ್ಟಿದ್ದ.

"ಟಿವಿ ಛಲೋ ಆಗೈತ್ರಿ ರಾಘಣ್ಣಾರ, ಬೆಳಕಿಗೇನ್ ಕಡಿಮಿ ಇಲ್ಲ" ಎಂದು ಕೊಟ್ರಬಸಪ್ಪ ಸಂಕೋಚದಿಂದಲೇ ಶುರುಮಾಡಿದ. "ಆದ್ರ ವಾರ್ತಿ ಓದೋ ಹೆಣ್ಮಗಳು ನೀಲಿ ಆಗ್ಯಾಳ್ರಿ. ನಮ್ಮವ್ವ ದಿನಾ ಆಕಿನ್ನ ನೋಡಿ, ಪಾಪ, ಈಕಿಗೆ ಹಾವು ಮುಟ್ಟೈತೇನೋ ಅಂತಾಳ."

ರಾಘಣ್ಣನಿಗೆ ಸಿಟ್ಟು ಬಂತು. "ಇಷ್ಟು ದಿನ ಹಾಳಾದ ಟ್ಯೂಬು ನೋಡಿ ನೋಡಿ ನಿಮಗ ಬಿಳೀ ಬಣ್ಣನ ಮರ್ತು ಹೋಗೇದ. ಸ್ವಲ್ಪ ದಿನ ಹಂಗ ನೋಡ್ರಿ, ರೂಢಿ ಆಗ್ತದ" ಎಂದು ಸಾಗಹಾಕಿದ.

ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಸೀತಾಬಾಯಿ ಇದನ್ನು ಕೇಳಿಸಿಕೊಂಡಳು. ಅವಳದೂ ಒಂದು ನೀಲಿಯ ಗೋಳು ಇತ್ತು. ಎರಡು ವರ್ಷದಿಂದ ಗಂಡ ಧೋತರ ಉಡುವಾಗಲೆಲ್ಲ "ಇದೇನು ಒಗಿಯೋದು, ಅರಿಷಿಣ ಕಲಸಿದಂಗ ಅದ" ಎಂದು ಗೊಣಗುತ್ತಿದ್ದ. ಅವಳು ಬಟ್ಟೆ ಬೆಳ್ಳಗಾಗಲೆಂದು ಬಕೀಟಿಗೆ ಹಾಕುವ ನೀಲಿಯನ್ನು ದಿನಕ್ಕಿಷ್ಟು ಹೆಚ್ಚಿಸುತ್ತ ಹೋದಳು. ಧೋತರ ಮುಗಿಲಿನ ಬಣ್ಣಕ್ಕೆ ತಿರುಗಿದಾಗ ಅವನು "ಈಗ ನೋಡು, ಮಲ್ಲಿಗಿ ಹೂವಿನಂಗ ಆತು" ಎಂದಿದ್ದ. ಗಂಡನ ಹಠಕ್ಕೆ ಮದ್ದಿಲ್ಲವೆಂದು ಅವಳು ಸುಮ್ಮನಾಗಿದ್ದಳು.

ಅದೇ ವಾರ ಸಿರುಗುಪ್ಪದಿಂದ ಒಂದು ಟಿವಿಯ ರಿಪೇರಿಗೆ ಕರೆ ಬಂತು. ಅಕ್ಕಿ ಗಿರಣಿಯ ಮರಿಬಸಪ್ಪನ ಹೆಂಡತಿ ಚನ್ನವೀರಮ್ಮನಿಗೆ ಅವಳ ಅಣ್ಣ ಕುವೈತಿನಿಂದ ತಂದುಕೊಟ್ಟ ದೊಡ್ಡ ಟಿವಿ ಅದು. ಬಸ್ಸಿನಲ್ಲಿ ಹೊತ್ತು ತರುವಂಥದ್ದಲ್ಲ. ಭಾನುವಾರ ಬೆಳಿಗ್ಗೆ ರಾಘಣ್ಣನೇ ತನ್ನ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದ.

ಟ್ಯೂಬಿನಲ್ಲಿ ಕೆಂಪು ಪೂರಾ ಬತ್ತಿಹೋಗಿತ್ತು. ಪರದೆಯಲ್ಲಿ ಮನುಷ್ಯರು ಕೆರೆಯ ಪಾಚಿಯ ಬಣ್ಣದಲ್ಲಿ ಓಡಾಡುತ್ತಿದ್ದರು.

"ಅಮ್ಮಾರ, ಮೊದಲ ಹೇಳಿಬಿಡ್ತೀನಿ" ಎಂದ ರಾಘಣ್ಣ. "ಕಾಯಿಸಿ ನೋಡ್ತೀನಿ. ಬಂದ್ರ ಇನ್ನೂ ನಾಕು ವರ್ಷ ನಡೀತದ. ಬರಲಿಲ್ಲಂದ್ರ ಈಗ ಇರೋದೂ ಹೋಗ್ತದ. ಏನಂತೀರಿ?"

ಚನ್ನವೀರಮ್ಮ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. "ಈಗೇನ್ ಇದ್ದಂಗೈತ್ರಿ? ಮಾಡ್ರಿ" ಎಂದಳು.

ರಾಘಣ್ಣ ಹಿಂದಿನ ಹಲಗೆ ಬಿಚ್ಚಿ, ಪೆಟ್ಟಿಗೆಯ ತಂತಿಗಳನ್ನು ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿ ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. ಬತ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮೀಟರಿನ ಮುಳ್ಳು ಕೂತಲ್ಲೇ ಕೂತಿತ್ತು. ಇನ್ನೊಂದಿಷ್ಟು ತಿರುಗಿಸಿದ. ಗಿರಣಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಮೇಲೆ ಮುಳ್ಳು ನಿದ್ದೆಯಿಂದ ಎದ್ದಂತೆ ಒಮ್ಮೆ ನಡುಗಿ ಮೇಲಕ್ಕೆ ಸರಿಯಿತು. ಕೂಡಲೇ ಕೈ ತೆಗೆದ. ತಂತಿ ಬಿಚ್ಚಿ ಟಿವಿ ಹಾಕಿದಾಗ ಪರದೆಯ ಮೇಲೆ ಯಾರದೋ ಕೆಂಪು ರುಮಾಲು ಬೆಂಕಿಯಂತೆ ಹೊಳೆಯಿತು. ಮರಿಬಸಪ್ಪ "ಭಲೇ!" ಎಂದು ತೊಡೆ ತಟ್ಟಿದ.

ಇನ್ನುಳಿದದ್ದು ಮೂರೂ ಬಣ್ಣಗಳನ್ನು ಸಮ ಮಾಡುವ ಕೆಲಸ. ಬಣ್ಣದ ಗುಂಡಿಯನ್ನು ಪೂರ್ತಿ ಇಳಿಸಿ, ಕಪ್ಪು ಬಿಳುಪಿನ ಚಿತ್ರದಲ್ಲಿ ಬಿಳಿ ಅಚ್ಚ ಬಿಳಿಯಾಗಿ ಕಾಣುವ ಹಾಗೆ ಹಿಂದಿನ ಸ್ಕ್ರೂಗಳನ್ನು ತಿರುಗಿಸಬೇಕು. ರಾಘಣ್ಣ ಪರದೆಯ ಎದುರಿಗೆ ಕನ್ನಡಿ ನಿಲ್ಲಿಸಿ, ಹಿಂದೆ ಕೂತು, ಅದರಲ್ಲಿ ನೋಡುತ್ತ ತಿರುಗಿಸಿ "ಹಾಂ, ಈಗ ಸರಿ ಆತು" ಎಂದ.

"ನೀಲಿ ಐತ್ರಿ" ಎಂದಳು ಚನ್ನವೀರಮ್ಮ.

ಕೊಟ್ರಬಸಪ್ಪನ ಮಾತು ಇನ್ನೂ ಚುಚ್ಚುತ್ತಿದ್ದ ರಾಘಣ್ಣನಿಗೆ ರೇಗಿತು. "ಒಂದು ಕೆಲಸ ಮಾಡ್ರಿ. ಮನಿಯೊಳಗ ಬೆಳ್ಳಗಿರೋ ಬಟ್ಟಿ ತಂದು ಟಿವಿ ಬಾಜೂಕ ಹಿಡೀರಿ. ನಿಮಗ ತಿಳೀತದ."

ಚನ್ನವೀರಮ್ಮ ಟ್ರಂಕು ತೆಗೆದು ಗಂಡನ ಹೊಸ ಧೋತರ ತಂದು ಪರದೆಯ ಪಕ್ಕಕ್ಕೆ ಹಿಡಿದಳು. ರಾಘಣ್ಣ ಎದ್ದು ಮುಂದೆ ಬಂದು ನೋಡಿದ. "ಇದು ಹಳೇದ್ರಿ. ಹಳದಿಗಟ್ಟೇದ. ಹೊಸಾದು ತರ್ರಿ" ಎಂದ.

"ನಿನ್ನೆ ಅಂಗಡಿಯಿಂದ ಬಂದೈತ್ರಿ. ಮಡಿಕಿ ಸೈತ ಬಿಚ್ಚಿಲ್ಲ."

ಅವಳು ದಿಂಬಿನ ಹೊಸ ಗವುಸು ತಂದಳು. ಅದೂ ಹಳದಿ. ಮುಷ್ಟಿ ಹತ್ತಿ ತಂದಳು. ಅದೂ ಹಳದಿ. ಸುಣ್ಣ ಬಳಿದ ಗೋಡೆ ನೋಡಿದ, ಅದೂ ಹಳದಿಯೇ. ಅವನ ಕಣ್ಣಿಗೆ ಬಿಳಿಯಾಗಿ ಕಂಡದ್ದು ಎರಡೇ: ಟಿವಿ ಮತ್ತು ತಾನು ಉಟ್ಟ ಧೋತರ.

"ಇಕಾ, ಇದು ಬಿಳೀದು" ಎಂದು ತನ್ನ ಧೋತರದ ಚುಂಗು ಎತ್ತಿ ಪರದೆಯ ಪಕ್ಕ ಹಿಡಿದ.

ಚನ್ನವೀರಮ್ಮ ನಗಲಿಲ್ಲ. ಅಣ್ಣನಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು: "ರಾಘಣ್ಣಾರ, ನಿಮ್ಮ ಧೋತರಾನೂ ಟಿವಿನೂ ಎರಡೂ ಒಂದ ಬಣ್ಣ ಅದಾವ್ರಿ. ಎರಡೂ ನೀಲಿ ಅದಾವ್ರಿ."

ರಾಘಣ್ಣ ಚುಂಗು ಬಿಟ್ಟು ಕುರ್ಚಿಯ ಮೇಲೆ ಕೂತ. ಮರಿಬಸಪ್ಪ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಿಟ್ಟ. ನೀರು ಕುಡಿದು ರಾಘಣ್ಣ ಎದ್ದ. "ಅಮ್ಮಾರ, ಆ ಹೊಸಾ ಧೋತರ ಇನ್ನೊಮ್ಮೆ ಹಿಡೀರಿ" ಎಂದ. ಈ ಸಲ ಪರದೆಯೂ ಧೋತರದಷ್ಟೇ ಹಳದಿ ಕಾಣುವವರೆಗೆ ನೀಲಿಯನ್ನು ಇಳಿಸುತ್ತ ಬಂದ. "ಅಲ್ಲೇ ನಿಲ್ಲಸ್ರಿ, ಈಗ ಸರಿ ಐತಿ" ಎಂದಳು ಚನ್ನವೀರಮ್ಮ. ಅವನ ಕಣ್ಣಿಗೆ ಅದು ಬೆಲ್ಲದ ಪಾನಕದಂತಿತ್ತು.

ಬಸ್ಸಿನಲ್ಲಿ ಬರುವಾಗ ರಾಘಣ್ಣ ಒಂದು ಕಣ್ಣು ಮುಚ್ಚಿ ಕಾಲುವೆ, ಭತ್ತದ ಗದ್ದೆಗಳನ್ನು ನೋಡಿದ. ಆಮೇಲೆ ಇನ್ನೊಂದು ಮುಚ್ಚಿ ನೋಡಿದ. ಎರಡರಲ್ಲೂ ಸಂಜೆಯ ಬಣ್ಣ, ಎಡಗಣ್ಣಿನಲ್ಲಿ ಹೆಚ್ಚು. ಹೊರಗೆ ಮಾತ್ರ ಮಟಮಟ ಮಧ್ಯಾಹ್ನ. ಇದು ಪೊರೆಯೇ ಇರಬೇಕು ಎನಿಸಿತು. ಅವನ ಕಾಕಾ ಕಣ್ಣಿನ ಪೊರೆ ತೆಗೆಸಲು ಹೋಗಿ ಕಣ್ಣನ್ನೇ ಕಳೆದುಕೊಂಡಿದ್ದ. ಅದು ಹಳೆಯ ಕಾಲದ ಮಾತು. ಆದರೂ ಈಗ ನೆನಪಾಯಿತು. ಕಣ್ಣು ಹೋದರೆ ಟ್ಯೂಬಿನ ಕೆಲಸ ಎಲ್ಲಿಂದ ಬಂತು?

ಮನೆಗೆ ಬಂದವನೇ ಅಂಗಳದ ಹಗ್ಗದ ಮೇಲಿನ ಧೋತರಗಳ ಮುಂದೆ ನಿಂತ. "ಸೀತಾ, ಇವು ಏನ್ ಬಣ್ಣ? ಖರೇ ಹೇಳು."

ಸೀತಾಬಾಯಿ ಅವನ ಮುಖ ನೋಡಿದಳು. "ನೀಲಿ ಅವ ರೀ" ಎಂದಳು.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳ್ತಿದ್ರೇನು? ಕೊಟ್ರಬಸಪ್ಪಾರು ಹೇಳಿದ್ರು, ಕೇಳಿದ್ರೇನು?"

ಮರುದಿನ ಅವಳೇ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿನದು ಹಣ್ಣಾಗಿದೆ ಎಂದರು ಡಾಕ್ಟರು. ರಾಘಣ್ಣ ಕಾಕಾನ ಕಥೆ ಹೇಳಿದ. ಡಾಕ್ಟರು ತಾಳ್ಮೆಯಿಂದ ಪೂರ್ತಿ ಕೇಳಿ, "ಮುಗೀತಲ್ಲ? ಈಗ ತಾರೀಖು ಹೇಳ್ರಿ" ಎಂದರು.

ಎಡಗಣ್ಣಿನ ಆಪರೇಶನ್ನು ಆಯಿತು. ಪಟ್ಟಿ ಬಿಚ್ಚಿ, ಗಾಯ ಮಾಗಿ, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡ ದಿನ ಅವನಿಗೆ ಮೊದಲು ಕಂಡದ್ದು ಸೀತಾಬಾಯಿಯ ಸೀರೆ. ಇಷ್ಟು ದಿನ ಕರಿಯ ಸೀರೆ ಯಾಕೆ ಉಡುತ್ತಾಳೆಂದು ಅವನು ಒಳಗೊಳಗೇ ಅಂದುಕೊಂಡದ್ದುಂಟು. ಅದು ನೇರಳೆ ಹಣ್ಣಿನ ಬಣ್ಣದ್ದು. "ಇದನ್ನ ಯಾವಾಗ ತಗೊಂಡಿ?" ಎಂದು ಕೇಳಿದ. "ನೀವ ತಂದಿದ್ರಿ, ಹೋದ ದೀಪಾವಳಿಗೆ" ಎಂದಳು. ತನ್ನ ಧೋತರಗಳನ್ನು ನೋಡಿದಾಗ ಮಾತ್ರ ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. "ಅಳಬ್ಯಾಡ್ರಿ, ನಗಲೂಬ್ಯಾಡ್ರಿ, ಕಣ್ಣಿಗೆ ಆಗೋದಿಲ್ಲ" ಎಂದು ಅವಳು ಗದರಿಸಿದಳು.

ಡಾಕ್ಟರು ಕೆಲಸಕ್ಕೆ ಬಿಟ್ಟ ಕೂಡಲೇ ಅವನು ಹೊರಟದ್ದು ಕುರುಗೋಡಿಗೆ. ದಪ್ಪ ಕನ್ನಡಕದಲ್ಲಿ ದಾರಿಯ ಅಂದಾಜು ಇನ್ನೂ ಸಿಗದ ಕಾರಣ ಸೀತಾಬಾಯಿಯೂ ಜೊತೆಗಿದ್ದಳು. ಕೊಟ್ರಬಸಪ್ಪನ ಮನೆಯಲ್ಲಿ ಟಿವಿ ಹಾಕಿಸಿ ನೋಡಿದ. ಹಾವು ಮುಟ್ಟಿದಂತೆಯೇ ಇತ್ತು.

"ತಪ್ಪು ನನ್ನದಿತ್ತು ಕೊಟ್ರಬಸಪ್ಪ. ಕಣ್ಣಿಗೆ ಪೊರಿ ಬಂದಿತ್ತು" ಎಂದು ನೇರವಾಗಿ ಹೇಳಿ ಹಿಂದೆ ಕೂತ. ಸೀತಾಬಾಯಿ ಪರದೆಯ ಮುಂದೆ ಬಿಳಿಯ ಬಟ್ಟೆ ಹಿಡಿದು ಕೂತು "ಇನ್ನೂ ಇಳಸ್ರಿ... ಸಾಕು" ಎಂದಳು. ಮುಖಗಳಿಗೆ ಮನುಷ್ಯರ ಬಣ್ಣ ಬಂತು.

ಮಂಚದ ಮೇಲೆ ಕೂತಿದ್ದ ಕೊಟ್ರಬಸಪ್ಪನ ತಾಯಿ ವೀರಭದ್ರಮ್ಮ ಮುಂದಕ್ಕೆ ಬಾಗಿ ನೋಡಿದಳು. "ಇವರಿಗೆಲ್ಲ ಜ್ವರಾ ಬಂದಾವೇನಲೇ ಕೊಟ್ರ? ಮಾರಿ ಹೆಂಗ ಕೆಂಪಗಾಗ್ಯಾವು ನೋಡು" ಎಂದಳು. "ಮೊದಲಿಂದು ನೋಡಿ ನೋಡಿ ರೂಢಿ ಆಗಿತ್ತು, ತಣ್ಣಗಿತ್ತಪ. ಹಂಗ ಮಾಡು."

"ಸುಮ್ನಿರಬೇ, ಈಗ ಸರಿ ಆಗೈತಿ" ಎಂದ ಮಗ.

ರಾಘಣ್ಣ ಸ್ಕ್ರೂಡ್ರೈವರು ಕೆಳಗಿಡಲಿಲ್ಲ. "ಅವ್ವಾರ, ನೀವ ಹೇಳ್ರಿ, ಎಲ್ಲಿಗೆ ನಿಲ್ಲಿಸ್ಲಿ?" ಎಂದು ಕೇಳಿ, ಅವಳು ಕೈ ಎತ್ತುವ ತನಕ ನೀಲಿಯನ್ನು ಒಂದು ಎಳೆಯಷ್ಟು ಏರಿಸಿದ.

"ಇನ್ನೂ ನೀಲಿ ಅದರೀ" ಎಂದು ಸೀತಾಬಾಯಿ ಪಿಸುಗುಟ್ಟಿದಳು.

"ಇರಲಿ ಬಿಡು. ದಿನಾ ನೋಡೋರು ಅವರು" ಎಂದು ರಾಘಣ್ಣ ಹಲಗೆ ಮುಚ್ಚಿ ತಿರುಪು ಬಿಗಿದ. ಕೊಟ್ರಬಸಪ್ಪ ಊಟಕ್ಕೆ ಏಳಿರೆಂದರೂ ಹೊರಗೆ ಉಣ್ಣದ ಇವರು ಹಾಲು, ಬಾಳೆಹಣ್ಣಷ್ಟೇ ತೆಗೆದುಕೊಂಡು ಬಳ್ಳಾರಿಯ ಬಸ್ಸು ಹಿಡಿದರು. ಮುಂದಿನ ವರ್ಷ ಬಲಗಣ್ಣಿನ ಪೊರೆಯನ್ನೂ ತೆಗೆಸಿದ್ದಾಯಿತು. ಆದರೂ ಟ್ಯೂಬು ಕಾಯಿಸಿ ಬಣ್ಣಕ್ಕೆ ಕೂರುವ ಹೊತ್ತಿಗೆ ರಾಘಣ್ಣ ಒಳಗಿನಿಂದ ಸೀತಾಬಾಯಿಯನ್ನು ಕರೆಯುವುದನ್ನು ಬಿಡಲಿಲ್ಲ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪರದೆಯ ಮುಂದೆ ಕೂರುತ್ತಿದ್ದಳು.