ಹೊಳೆಯುವ ಬಾಟಲಿ

ಕುರ್ಚಿಯಲ್ಲಿ ಒರಗಿದ ಅತ್ತಿಗೆಯ ಕೊರಳಿಗೆ ಪುಟ್ಟಿಯೇ ಕಾಗದದ ಹೊದಿಕೆ ಸಿಕ್ಕಿಸಿದಳು. ಹದಿನೆಂಟು ವರ್ಷದಿಂದ ಈ ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದ, ಐವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಇನ್ನು ಉಳಿದದ್ದು ಅತ್ತಿಗೆಯೊಬ್ಬಳೇ. ತಾಯಿಯಿಲ್ಲದ ನಾದಿನಿಗೆ ಜಡೆ ಹಾಕಿ, ಬೈದು, ಬೆಳೆಸಿದವಳು ಅವಳು.

"ಏನೇ ಪುಟ್ಟಿ, ಒಂದು ಹಲ್ಲಿಗೆ ಇಷ್ಟು ದೊಡ್ಡ ದೀಪಾನಾ? ನನ್ನ ಮದುವೇಲೂ ಇಷ್ಟು ಬೆಳಕಿರಲಿಲ್ಲ."

"ಮನೇಲಿ ಒಂದು ಗಳಿಗೇನೂ ಮುಚ್ಚದ ಬಾಯಿ, ಇಲ್ಲಿ ತೆಗೆಯೋಕೆ ನಾಚಿಕೆಯಾ ಅತ್ತಿಗೆ?"

ಡಾಕ್ಟರಮ್ಮ ನಕ್ಕರು. ಅವರು ಈ ಕ್ಲಿನಿಕ್ಕಿಗೆ ಬಂದು ವರ್ಷವಾಗಿತ್ತಷ್ಟೆ. "ಸಿಸ್ಟರ್, ಮೊನ್ನೆ ಇಟ್ಟ ನೀರಿನ ಪರೀಕ್ಷೆ ಒಂದ್ಸಲ ನೋಡಿಬಿಡಿ. ಆಮೇಲೆ ಶುರು ಮಾಡೋಣ."

ಕ್ಯಾನ್ಸರ್ ಔಷಧಿಯಿಂದ ಅತ್ತಿಗೆಯ ಮೈ ಸೋತಿತ್ತು. ಸಣ್ಣ ಸೋಂಕು ತಗುಲಿದರೂ ಕಷ್ಟ ಎಂದು ಅವಳ ಆಸ್ಪತ್ರೆಯವರು ಎಚ್ಚರಿಸಿದ್ದರು. "ಬೇರೆಲ್ಲೂ ಬೇಡ, ನಮ್ಮಲ್ಲಿಗೇ ಬನ್ನಿ. ನಾನಿದ್ದೀನಲ್ಲ" ಎಂದು ಹಟ ಹಿಡಿದು ಕರೆತಂದವಳು ಪುಟ್ಟಿ. ಹೋದ ವಾರ ಇದೇ ಕುರ್ಚಿಯಲ್ಲಿ ವಸಡು ಶುಚಿ ಮಾಡಿಸಿಯೂ ಆಗಿತ್ತು.

ಪುಟ್ಟಿ ನಿಶ್ಚಿಂತೆಯಿಂದ ಪರೀಕ್ಷೆಯ ಡಬ್ಬಿ ತೆರೆದಳು. ಕುರ್ಚಿಗೆ ಜೋಡಿಸಿದ ನೀರಿನ ಬಾಟಲಿಯನ್ನು ದಿನಾ ಉಜ್ಜಿ ಫಳಫಳ ಹೊಳೆಸುವುದು ಅವಳ ಹೆಮ್ಮೆ. ಅದರೊಳಗಿನ ನೀರೂ ಭಟ್ಟಿ ಇಳಿಸಿದ್ದೇ.

ಪರೀಕ್ಷೆಯ ಪಟ್ಟಿಯ ತುಂಬ ಕೆಂಪು ಚುಕ್ಕೆ. ಸಾಸಿವೆ ಡಬ್ಬಿ ಬೋರಲು ಬಿದ್ದಂತೆ, ಎಣಿಸಲಾಗದಷ್ಟು. ಒಂದೊಂದು ಚುಕ್ಕೆಯೂ ಕ್ರಿಮಿಗಳ ಒಂದು ಗುಂಪು.

ಮಾತ್ರೆ! ಕೊಳವೆಯಲ್ಲಿ ಕ್ರಿಮಿ ಬೆಳೆಯದಂತೆ, ಬಾಟಲಿ ತುಂಬಿಸಿದಾಗಲೆಲ್ಲ ನೀರಿಗೆ ಹಾಕಬೇಕಿದ್ದ ಮಾತ್ರೆ. ಆರು ತಿಂಗಳ ಹಿಂದೆ ಅದರ ವಾಸನೆಗೆ ಮುದುಕರೊಬ್ಬರು, "ಏನಮ್ಮಾ, ಈಜುಕೊಳದ ನೀರು ಬಾಯಿಗೆ ಬಿಡ್ತಿದ್ದೀಯಾ?" ಎಂದು ಮುಖ ಸಿಂಡರಿಸಿದ್ದರು. ಮಕ್ಕಳೂ ಥೂ ಥೂ ಎನ್ನುತ್ತಿದ್ದರು. ಪಾಪ, ಇಷ್ಟು ಶುದ್ಧ ನೀರಿಗೆ ಮಾತ್ರೆ ಯಾಕೆ ಎಂದು ಅವಳು ನಿಲ್ಲಿಸಿಬಿಟ್ಟಿದ್ದಳು. ಬಾಟಲಿ ಕಣ್ಣಿಗೆ ಕಾಣುತ್ತಿತ್ತು. ಅದರಿಂದ ರೋಗಿಯ ಬಾಯಿಯವರೆಗೆ ನೀರೊಯ್ಯುವ, ಕಡ್ಡಿಯಷ್ಟೇ ದಪ್ಪದ, ಮಾರುದ್ದದ ಕೊಳವೆಗಳ ಒಳಮೈ ಯಾರಿಗೆ ಕಾಣುತ್ತಿತ್ತು? ಆದರೆ ಡಾಕ್ಟರಮ್ಮ ಕೇಳಿದಾಗಲೆಲ್ಲ "ಹಾಕಿದೀನಿ" ಎನ್ನುತ್ತಿದ್ದಳು.

"ಸರಿಯಿದೆ ತಾನೇ ಸಿಸ್ಟರ್?" ಡಾಕ್ಟರಮ್ಮ ಹಲ್ಲು ಕೊರೆಯುವ ಯಂತ್ರ ಕೈಗೆತ್ತಿಕೊಂಡು, ಪೆಡಲಿನ ಮೇಲೆ ಕಾಲಿಟ್ಟಿದ್ದರು. ತಿರುಗಿ ನೋಡಲಿಲ್ಲ. ಅಷ್ಟು ನಂಬಿಕೆ.

"ಹೂಂ" ಎನ್ನುವುದು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅತ್ತಿಗೆ ಬಾಯಿ ಅಗಲಿಸಿ, ಕಣ್ಣು ಮುಚ್ಚಿಕೊಂಡಳು.

"ಬೇಡ! ನಿಲ್ಲಿಸಿ!" ತನ್ನ ಕೂಗಿಗೆ ಪುಟ್ಟಿಯೇ ಬೆಚ್ಚಿದಳು. "ನಾನು ಮಾತ್ರೆ ಹಾಕ್ತಿರಲಿಲ್ಲ ಡಾಕ್ಟ್ರೇ. ಆರು ತಿಂಗಳಿಂದ."

ಡಾಕ್ಟರಮ್ಮ ಪಟ್ಟಿ ನೋಡಿದರು. ಮುಖದಲ್ಲಿ ರಕ್ತವಿಲ್ಲ. ಬಗ್ಗಿ ಒಂದು ಕೊಳವೆಯನ್ನು ಕಳಚಿ, ತುದಿಯನ್ನು ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿದರು. ಕಂದು ಲೋಳೆ ಜಾರಿ ಬಿತ್ತು.

ಅತ್ತಿಗೆ ಎದ್ದು ಕೂತಿದ್ದಳು. "ಪುಟ್ಟೀ, ಹೋದ ವಾರ ನನ್ನ ಬಾಯಿಗೆ ಹಾಕಿದ್ದೂ ಇದೇನಾ?"

"ಹೂಂ ಅತ್ತಿಗೆ."

ಅತ್ತಿಗೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಬಾಗಿಲಿಗೆ 'ಇಂದು ರಜೆ' ಎಂಬ ಫಲಕ ತೂಗಿಸಿ, ಅತ್ತಿಗೆಯ ಆಸ್ಪತ್ರೆಗೆ ಫೋನು ಹಚ್ಚಿದರು. "ಈಗಲೇ ರಕ್ತಪರೀಕ್ಷೆಗೆ ಕಳಿಸ್ತೀನಿ... ಜ್ವರ ಇಲ್ಲ, ಇನ್ನೂ ಇಲ್ಲ..."

ಇನ್ನೂ ಇಲ್ಲ. ಆ ಮಾತು ಪುಟ್ಟಿಯ ಕಿವಿಯಲ್ಲಿ ಕಚ್ಚಿಕೊಂಡಿತು.

ಅತ್ತಿಗೆಯ ತುಟಿ ಒಣಗಿತ್ತು. ಪುಟ್ಟಿ ಅಭ್ಯಾಸಬಲದಿಂದ ಲೋಟ ತುಂಬಿಸಿ ಒಡ್ಡಿದಳು. ಅತ್ತಿಗೆ ಲೋಟವನ್ನೂ ಅವಳ ಕೈಯನ್ನೂ ನೋಡಿದಳು.

"ನನ್ನ ಚೀಲದಲ್ಲಿ ಮನೆ ನೀರಿದೆ ಕಣೇ," ಎಂದಳು ಮೆಲ್ಲಗೆ. "ಅದನ್ನೇ ಕುಡೀತೀನಿ."