ಕಂಡಕ್ಟರಮ್ಮನ ಹೂಕೋಸು

ಅಡುಗೆಮನೆಯ ಚಾಕು ಹಿಡಿದು ಯಜಮಾನರು ಹಿತ್ತಲಿಗೆ ಇಳಿದೇಬಿಟ್ಟರು. ಮುಂಬಾಗಿಲಲ್ಲಿ ಶವದ ವ್ಯಾನು ನಿಂತಿತ್ತು. ಅದರೊಳಗೆ ಅವರ ಹೆಂಡತಿ, ಊರಿಗೆಲ್ಲ ಕಂಡಕ್ಟರಮ್ಮ, ಹೂಗಳ ಕೆಳಗೆ ಮಲಗಿದ್ದಳು.

"ಅಪ್ಪಾ, ಎಲ್ರೂ ಕಾಯ್ತಿದಾರೆ," ಮಗಳು ಹಿಂದೆಯೇ ಓಡಿಬಂದಳು.

"ಕಾಯ್ಲಿ. ನಿಮ್ಮಮ್ಮನ ಹೂಕೋಸು ಬೆಳ್ಳಗಾಯ್ತೋ ಇಲ್ವೋ ನೋಡದೆ ಹೇಗಮ್ಮ ಕಳಿಸ್ಲಿ?"

"ಈ ಸಲಾನೂ ಹಳದಿ ಆಗಿದ್ರೆ?"

ಅವರಿಗೂ ಅದೇ ಭಯ. ಎಲೆಗಳನ್ನು ಬಿಗಿದಿದ್ದ ದಾರಕ್ಕೆ ಚಾಕು ತಾಗಿಸಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು.

"ಬಿಡಪ್ಪಾ. ಬೆಳ್ಳಗಿದೆ ಅಂತ್ಲೇ ಅಂದ್ಕೊಳೋಣ."

"ಅಂದ್ಕೊಂಡು ಸುಮ್ನಿರೋ ಹೆಂಗಸಾ ಅವಳು?"

*

ಟಿಕೆಟ್ಟಿಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಕಂಡಕ್ಟರಮ್ಮನಿಗೆ ಹೂಕೋಸೊಂದು ಒಲಿಯಲಿಲ್ಲ. ಎಲೆಕೋಸು, ನವಿಲುಕೋಸು ಹೇಳಿದ ಮಾತು ಕೇಳುತ್ತಿದ್ದವು. ಹೂಕೋಸಿನದೇ ತಕರಾರು. ಹೂವು ನಿಂಬೆಹಣ್ಣಿನಷ್ಟಾದಾಗ ಸುತ್ತಲಿನ ಎಲೆಗಳನ್ನು ಅದರ ಮೇಲೆ ಮಡಚಿ ದಾರ ಕಟ್ಟಬೇಕು, ಬಿಸಿಲು ಬಿದ್ದರೆ ಹಳದಿಯಾಗುತ್ತದೆ. ಅವಳೂ ಕಟ್ಟುತ್ತಿದ್ದಳು. ಆದರೆ ಡ್ಯೂಟಿಗೆ ಹೊರಡುವ ಮುಂಚೆ ಬಿಚ್ಚಿ ಇಣುಕುವಳು, ಬಂದ ಮೇಲೆ ಮತ್ತೆ ಬಿಚ್ಚುವಳು.

"ಅದೇನಕ್ಕಾ, ತೊಟ್ಟಿಲ ಮಗೂನಾ, ಗಳಿಗೆಗೊಂದ್ಸಲ ಹೊದಿಕೆ ಸರಿಸೋಕೆ?" ಪಕ್ಕದ ಮನೆಯ ದರ್ಜಿ ಬೇಲಿಯಾಚೆಯಿಂದ ರೇಗಿಸುತ್ತಿದ್ದ. ಅವನ ಹೂಕೋಸು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಇರುತ್ತಿತ್ತು. "ನಿಮ್ ಕೈಲಾಗೋ ಮಾತಲ್ಲ ಬಿಡಿ."

"ಮುಂದಿನ ಸಲ ನೋಡ್ತಿರು!" ಪ್ರತಿ ಸಲವೂ ಅದೇ ಉತ್ತರ.

ಈ ಸಲ ದಾರ ಕಟ್ಟಿದ ಮರುದಿನವೇ ಆಸ್ಪತ್ರೆ ಸೇರಿದಳು. ಅಲ್ಲಿಂದಲೇ ಗಂಡನಿಗೆ ತಾಕೀತು: "ನೀರು ಹಾಕಿ ಸಾಕು. ಬಿಚ್ಚಿ ನೋಡಿದ್ರೋ, ನಿಮ್ಮನ್ನ ಸುಮ್ನೆ ಬಿಡಲ್ಲ."

"ನೋಡೋ ಚಟ ನಿಂದು, ಬೈಗುಳ ನಂಗಾ?"

ಉಸಿರು ಸಾಲದಿದ್ದರೂ ಅವಳು ನಕ್ಕುಬಿಟ್ಟಳು.

*

ದಾರ ತುಂಡಾಯಿತು. ಎಲೆಗಳು ಬಿಚ್ಚಿಕೊಂಡವು.

ಬೆಳ್ಳಗಿತ್ತು! ತುಂಬಿ, ಬಿಗಿಯಾಗಿ, ಒಂದು ಕಲೆಯೂ ಇಲ್ಲದೆ ಬೆಳ್ಳಗಿತ್ತು.

"ಅಮ್ಮಾ!" ಮಗಳು ಕೂಗಿದ್ದು ಬೀದಿಗೆ ಕೇಳಿಸಿತು. ಏನಾಯಿತೋ ಎಂದು ಗಾಬರಿಯಿಂದ ಬಂದವರೆಲ್ಲ ಪಾತಿಯ ಸುತ್ತ ನಿಂತರು. ಯಜಮಾನರು ಕಣ್ಣೀರು ಒರೆಸುವ ಗೋಜಿಗೂ ಹೋಗದೆ, "ನೋಡ್ರಪ್ಪಾ, ನಮ್ಮವಳು ಬೆಳೆದಿದ್ದು," ಎಂದು ಕಂಡಕಂಡವರಿಗೆ ಹೇಳಿದರು. ಅಷ್ಟು ಹೆಮ್ಮೆ ಅವರಿಗೆ ಎಂದೂ ಆಗಿರಲಿಲ್ಲ.

ದರ್ಜಿ ಬಗ್ಗಿ, ಹೊಲಿಗೆಯಲ್ಲಿ ತಪ್ಪು ಹುಡುಕುವವನಂತೆ ಹೂಕೋಸಿನ ಸುತ್ತ ಬೆರಳಾಡಿಸಿದ. ತಪ್ಪು ಸಿಗಲಿಲ್ಲ.

"ಇಂಥದ್ದು ನಾನೂ ಬೆಳೆದಿಲ್ಲ ಭಾವ," ಎಂದ. "ಕೊಡಿ, ದಾರಿಯುದ್ದಕ್ಕೂ ನಾನೇ ಹಿಡ್ಕೋತೀನಿ."

ಯಜಮಾನರು ಹೂಕೋಸನ್ನು ಬುಡದಿಂದ ಕೊಯ್ದು ಅವನ ಕೈಗಿತ್ತರು. ವ್ಯಾನು ಹೊರಟಿತು. ಮುಂದಿನ ಸೀಟಿನಲ್ಲಿ ಕೂತ ದರ್ಜಿ ಹೂಕೋಸನ್ನು ಎರಡೂ ಕೈಯಲ್ಲಿ ಕಿಟಕಿಯಾಚೆ ಹಿಡಿದಿದ್ದ. ಬಸ್ ನಿಲ್ದಾಣದ ಎದುರು ಅವಳ ಜೊತೆ ದುಡಿದ ಡ್ರೈವರುಗಳು ಒಬ್ಬರಾದ ಮೇಲೊಬ್ಬರು ಹಾರ್ನ್ ಒತ್ತತೊಡಗಿದರು. ದರ್ಜಿ ಹೂಕೋಸನ್ನು ತನ್ನ ತಲೆಗಿಂತ ಮೇಲಕ್ಕೆ ಎತ್ತಿದ.